ತಾನೇ ತಿರುಗುವ ಚಕ್ರ: ಚಿಕ್ಕಪ್ಪನಿಗೆ ಏನು ಹೇಳಲಿ?

ಪ್ರಶ್ನೆ: ನಮ್ಮ ಚಿಕ್ಕಪ್ಪ ಮೆಕ್ಯಾನಿಕ್. ಕೈಯಲ್ಲಿ ಒಳ್ಳೆಯ ಕೆಲಸ ಇದೆ. ಮೋಟರ್ ಒಂದು ಭಾರದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ತಿರುಗಿಸುತ್ತದೆ, ಫ್ಲೈವೀಲ್ ಜನರೇಟರನ್ನು ತಿರುಗಿಸುತ್ತದೆ, ಜನರೇಟರ್ ಮೋಟರಿಗೂ ಕರೆಂಟ್ ಕೊಟ್ಟು ಮನೆಗೂ ಕೊಡುತ್ತದೆ ಎನ್ನುವ ವಿಡಿಯೋಗಳನ್ನು ನೋಡಿ, ಕೂಡಿಟ್ಟ ಹಣ ಹಾಕಲು ಹೊರಟಿದ್ದಾರೆ. 'ಆಗಲ್ಲ' ಅಂದರೆ, 'ಓದಿದವರು ನೋಡದೇನೇ ಆಗಲ್ಲ ಅಂತೀರಿ' ಅನ್ನುತ್ತಾರೆ. ನಿಜಕ್ಕೂ ಸಾಧ್ಯವೇ ಇಲ್ವಾ? ಇಲ್ಲದಿದ್ದರೆ ಇಷ್ಟು ಜನ ಯಾಕೆ ಇದರ ಹಿಂದೆ ಬಿದ್ದಿದ್ದಾರೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಆ ಯಂತ್ರ ಕೆಲಸ ಮಾಡುವುದಿಲ್ಲ. ಹಣ ಹಾಕುವುದನ್ನು ಹೇಗಾದರೂ ತಡೆಯಿರಿ. ಆದರೆ ಚಿಕ್ಕಪ್ಪನ ಮಾತಿನಲ್ಲೂ ನ್ಯಾಯ ಇದೆ. 'ನಿಯಮ ಇದೆ, ಅದಕ್ಕೇ ಆಗಲ್ಲ' ಅನ್ನುವುದು ಉತ್ತರ ಅಲ್ಲ. ಕೈಯಿಂದ ಕೆಲಸ ಕಲಿತವರಿಗೆ ಅದು ಬಾಯಿ ಮುಚ್ಚಿಸಿದ ಹಾಗೆ ಕೇಳಿಸುತ್ತದೆ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಮೋಟರ್, ಜನರೇಟರ್‌ಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೇನೆ. ಇಂಥ ಯಂತ್ರ ಹೊತ್ತುಕೊಂಡು ಬಂದವರನ್ನು ಕಂಡಿದ್ದೇನೆ. ಅವರಲ್ಲಿ ಮೋಸಗಾರರು ಕಡಿಮೆ. ಹೆಚ್ಚಿನವರು ಏನನ್ನೋ ಕಣ್ಣಾರೆ ನೋಡಿದವರು. ಅವರು ನೋಡಿದ್ದು ಸುಳ್ಳಲ್ಲ. ಲೆಕ್ಕ ಹಾಕಿದ ಜಾಗ ತಪ್ಪು.

ಏನನ್ನು ನೋಡಿರುತ್ತಾರೆ? ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಮುಂದಿನ ಚಕ್ರವನ್ನು ಒಮ್ಮೆ ಜೋರಾಗಿ ತಿರುಗಿಸಿ ಕೈ ಬಿಡಿ. ಬೇರಿಂಗ್ ಚೆನ್ನಾಗಿದ್ದರೆ ಅದು ಸಾಕು ಸಾಕು ಅನ್ನುವಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಕೈಯಿಂದ ಕೊಟ್ಟದ್ದು ಒಂದೇ ಒಂದು ತಳ್ಳು. ನೋಡುತ್ತಾ ನಿಂತವರಿಗೆ 'ಇನ್ನೊಂದು ಚೂರು ಒತ್ತಾಸೆ ಸಿಕ್ಕಿದ್ದರೆ ನಿಲ್ಲುತ್ತಲೇ ಇರಲಿಲ್ಲ' ಅನ್ನಿಸದೇ ಇರದು. ಸೆಳೆತ ಹುಟ್ಟುವುದೇ ಇಲ್ಲಿ. ಯಂತ್ರ ಸೋತ ಹಾಗೆ ಕಾಣುವುದಿಲ್ಲ, ಗೆಲ್ಲಲು ಸ್ವಲ್ಪವೇ ಬಾಕಿ ಇದ್ದ ಹಾಗೆ ಕಾಣುತ್ತದೆ. ಆ 'ಸ್ವಲ್ಪ'ದ ಹಿಂದೆ ಜನ ಇಡೀ ಆಯುಷ್ಯ ಕಳೆದಿದ್ದಾರೆ.

ಅದೇ ಚಕ್ರ ನಿಲ್ಲುವುದನ್ನೂ ಗಮನಿಸಿ. ಕೊನೆಯಲ್ಲಿ ಅದು ಹಿಂದಕ್ಕೂ ಮುಂದಕ್ಕೂ ನಾಲ್ಕು ಸಲ ತೂಗಾಡುತ್ತದೆ. ಆಮೇಲೆ ಭಾರ ಇರುವ ಭಾಗ, ಸಾಮಾನ್ಯವಾಗಿ ವಾಲ್ವ್ ಇರುವ ಕಡೆ, ಕೆಳಗೆ ಬಂದು ನಿಂತುಬಿಡುತ್ತದೆ. ಒಂದು ಕಡೆ ಭಾರ ಜಾಸ್ತಿ ಇರುವ ಚಕ್ರ ತಿರುಗುತ್ತಲೇ ಇರುವುದಿಲ್ಲ. ಕೊನೆಗೆ ಭಾರ ತಳಕ್ಕೆ ಬಂದು ನಿಲ್ಲುತ್ತದೆ. ಈ ಎರಡನೇ ನೋಟ ಮುಂದೆ ಬೇಕಾಗುತ್ತದೆ.

ಈ ಆಸೆ ಹಳೆಯದು. ನಮ್ಮ ಎರಡನೇ ಭಾಸ್ಕರಾಚಾರ್ಯ 1150ರ ಸಿದ್ಧಾಂತ ಶಿರೋಮಣಿಯಲ್ಲಿ ಇಂಥದ್ದೇ ಚಕ್ರವನ್ನು ವರ್ಣಿಸಿದ್ದಾನೆ. ಟೊಳ್ಳು ಕಡ್ಡಿಗಳು, ಅವುಗಳಲ್ಲಿ ಅರ್ಧದಷ್ಟು ಪಾದರಸ. ಚಕ್ರ ತಿರುಗಿದಂತೆ ಪಾದರಸ ಒಂದು ಕಡೆ ಅಂಚಿಗೆ ಹರಿಯುತ್ತದೆ, ಇನ್ನೊಂದು ಕಡೆ ನಡುವಿಗೆ ಸರಿಯುತ್ತದೆ. ಹಾಗಾಗಿ ಒಂದು ಕಡೆ ಯಾವಾಗಲೂ ಭಾರ, ಚಕ್ರ ತಾನೇ ತಿರುಗುತ್ತದೆ ಎನ್ನುವುದು ಯೋಚನೆ. 13ನೇ ಶತಮಾನದಲ್ಲಿ ಫ್ರಾನ್ಸಿನ ವಿಲಾರ್ ದ ಒನ್ನೆಕೂರ್ ಸುತ್ತಿಗೆಗಳನ್ನು ತೂಗುಹಾಕಿದ ಚಕ್ರದ ಚಿತ್ರ ಬರೆದ. ಲಿಯೊನಾರ್ಡೊ ಡಾ ವಿಂಚಿಯೂ ಇವನ್ನು ಬರೆದು ನೋಡಿ, ಆಗುವುದಿಲ್ಲ ಎಂದು ತೀರ್ಮಾನಿಸಿದ. ಇವರ್ಯಾರೂ ದಡ್ಡರಲ್ಲ. ಚಿಕ್ಕಪ್ಪ ದೊಡ್ಡವರ ಸಾಲಿನಲ್ಲೇ ನಿಂತಿದ್ದಾರೆ, ಇದನ್ನು ಅವರಿಗೆ ಮೊದಲು ಹೇಳಿ.

ಈಗ ಆ ಚಕ್ರದ ಹತ್ತಿರ ಹೋಗೋಣ. ಪಾದರಸದ ಬದಲು ಮಡಚುವ ತೋಳುಗಳನ್ನು ಇಟ್ಟುಕೊಳ್ಳಿ, ಪ್ರತಿ ತೋಳಿನ ತುದಿಗೂ ಒಂದು ಗುಂಡು. ಬಲಗಡೆ ಇಳಿಯುವಾಗ ತೋಳು ಚಾಚಿಕೊಳ್ಳುತ್ತದೆ, ಗುಂಡು ನಡುವಿನಿಂದ ದೂರ ಇರುತ್ತದೆ. ಎಡಗಡೆ ಹತ್ತುವಾಗ ತೋಳು ಮಡಚಿಕೊಳ್ಳುತ್ತದೆ, ಗುಂಡು ಹತ್ತಿರ ಇರುತ್ತದೆ. ದೂರದ ಭಾರಕ್ಕೆ ಬಲ ಜಾಸ್ತಿ, ಹಾರೆ ಹಿಡಿದು ಕಲ್ಲು ಮೀಟಿದ ಯಾರಿಗೂ ಗೊತ್ತು. ಹಾಗಾದರೆ ಬಲಗಡೆ ಗೆಲ್ಲಬೇಕು, ಅಲ್ವಾ?

ಕಾಗದದ ಮೇಲೆ ಹನ್ನೆರಡು ತೋಳು ಬರೆದು ಗುಂಡುಗಳನ್ನು ಎಣಿಸಿ. ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಬಲಗಡೆಯ ಗುಂಡುಗಳು ದೂರ ಇವೆ, ಆದರೆ ಕಡಿಮೆ ಇವೆ. ಎಡಗಡೆಯವು ಹತ್ತಿರ ಇವೆ, ಆದರೆ ಜಾಸ್ತಿ ಇವೆ. ಕಣ್ಣು ದೂರವನ್ನು ನೋಡುತ್ತದೆ, ಎಣಿಕೆಯನ್ನು ಮರೆಯುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಚಕ್ರ ಒಂದು ಜಾಗದಲ್ಲಿ ಸಮವಾಗಿ ನಿಲ್ಲುತ್ತದೆ, ಸೈಕಲ್ ಚಕ್ರ ನಿಂತ ಹಾಗೆ.

ಪ್ರತಿ ವಿನ್ಯಾಸಕ್ಕೂ ಹೀಗೆ ಎಣಿಸುತ್ತಾ ಕೂರಬೇಕಿಲ್ಲ. ಒಂದೇ ಗುಂಡನ್ನು ಹಿಡಿದು ಅದರ ಜೊತೆ ಇಡೀ ಸುತ್ತು ಹೋಗಿ ಬನ್ನಿ. ಎಲ್ಲಿಂದ ಹೊರಟಿತೋ ಅಲ್ಲಿಗೇ ಅದು ವಾಪಸ್ ಬರಬೇಕು, ಇಲ್ಲದಿದ್ದರೆ ಅದು ಚಕ್ರವೇ ಅಲ್ಲ. ಇಳಿದಷ್ಟೇ ಎತ್ತರ ಹತ್ತಬೇಕು. ದಾರಿ ಸೊಟ್ಟ ಇರಲಿ, ನೆಟ್ಟಗಿರಲಿ, ಇಳಿಯುವಾಗ ಭೂಮಿ ಕೊಟ್ಟದ್ದನ್ನು ಹತ್ತುವಾಗ ಪೂರ್ತಿ ವಾಪಸ್ ಕೇಳುತ್ತದೆ. ನಾನು ಯಾವ ಫ್ರೀ ಎನರ್ಜಿ ಯಂತ್ರ ನೋಡಿದರೂ ಮೊದಲು ಹುಡುಕುವುದು ಈ ವಾಪಸ್ ಬರುವ ದಾರಿಯನ್ನು. ತೋರಿಸುವವರು ಹೋಗುವ ದಾರಿಯನ್ನು ಚೆನ್ನಾಗಿ ತೋರಿಸುತ್ತಾರೆ. ಖರ್ಚು ಇರುವುದು ಬರುವ ದಾರಿಯಲ್ಲಿ.

ಆಯಸ್ಕಾಂತದ ಕಥೆಯೂ ಇದೇ. ಮೊಳೆ ಹಾರಿ ಬಂದು ಆಯಸ್ಕಾಂತಕ್ಕೆ ಅಂಟಿಕೊಳ್ಳುವುದನ್ನು ನೋಡಿದರೆ ಪುಕ್ಕಟೆ ಶಕ್ತಿ ಸಿಕ್ಕಿತು ಅನ್ನಿಸುತ್ತದೆ. ಈಗ ಅದೇ ಮೊಳೆಯನ್ನು ಕಿತ್ತು ಮೊದಲಿನ ಜಾಗಕ್ಕೆ ಇಡಿ. ಬೆರಳಿಗೆ ಗೊತ್ತಾಗುತ್ತದೆ ಎಷ್ಟು ಎಳೆಯಬೇಕು ಎಂದು. ಯಾವ ಮ್ಯಾಗ್ನೆಟ್ ಮೋಟರ್ ವಿಡಿಯೋದಲ್ಲೂ ತಿರುಗುವ ಭಾಗದ ಮೇಲಿನ ಆಯಸ್ಕಾಂತ ಹೊರಗಿನ ಆಯಸ್ಕಾಂತದ ಹತ್ತಿರ ಓಡಿ ಬರುವ ಕ್ಷಣ ಚೆಂದ ಕಾಣುತ್ತದೆ. ಅದನ್ನು ದಾಟಿ ಹೋಗುವಾಗ ಅಷ್ಟೇ ಬಲ ಹಿಂದಕ್ಕೆ ಎಳೆಯುತ್ತಿರುತ್ತದೆ.

ಈ ವಾಪಸ್ ದಾರಿಯ ಲೆಕ್ಕ ಬರೀ ಬೇಡ ಅನ್ನಲು ಇರುವುದಲ್ಲ. 1586ರಲ್ಲಿ ಸೈಮನ್ ಸ್ಟೆವಿನ್ ಎಂಬ ಗಣಿತಜ್ಞ ಅದರಿಂದ ಹೊಸದನ್ನೇ ಕಂಡುಹಿಡಿದ. ಒಂದು ತ್ರಿಕೋನದ ದಿಮ್ಮಿ, ಅದರ ಒಂದು ಇಳಿಜಾರು ಇನ್ನೊಂದರ ಎರಡರಷ್ಟು ಉದ್ದ. ಅದರ ಮೇಲೆ 14 ಗುಂಡುಗಳ ಸರವನ್ನು ಹೂಮಾಲೆಯ ಹಾಗೆ ಸುತ್ತ ಹಾಕಿದೆ ಎಂದುಕೊಳ್ಳಿ. ಉದ್ದ ಇಳಿಜಾರಿನ ಮೇಲೆ ನಾಲ್ಕು ಗುಂಡು, ಗಿಡ್ಡದರ ಮೇಲೆ ಎರಡು, ಉಳಿದವು ಕೆಳಗೆ ಎರಡೂ ಕಡೆಗೆ ಸಮವಾಗಿ ಜೋತುಬಿದ್ದಿವೆ. ನಾಲ್ಕು ಗುಂಡು ಎರಡನ್ನು ಎಳೆದುಕೊಂಡು ಜಾರಿದರೆ ಏನಾಗುತ್ತದೆ? ಹೋದ ಗುಂಡಿನ ಜಾಗಕ್ಕೆ ಇನ್ನೊಂದು ಬರುತ್ತದೆ, ಚಿತ್ರ ಮೊದಲಿನ ಹಾಗೇ ಇರುತ್ತದೆ, ಸರ ಎಂದೆಂದಿಗೂ ತಿರುಗುತ್ತಲೇ ಇರಬೇಕಾಗುತ್ತದೆ. ಅದು ಆಗದ ಮಾತು. ಆದ್ದರಿಂದ ಆ ನಾಲ್ಕು ಮತ್ತು ಈ ಎರಡು ಸಮ ತೂಗಲೇಬೇಕು. ಇಳಿಜಾರಿನ ಮೇಲೆ ಭಾರ ಎಷ್ಟು ಎಳೆಯುತ್ತದೆ ಎನ್ನುವ ನಿಯಮ ಅವನಿಗೆ ಹೀಗೆ ಸಿಕ್ಕಿತು. ನನಗೆ ವಿಜ್ಞಾನದಲ್ಲಿ ತುಂಬ ಇಷ್ಟವಾದ ತರ್ಕಗಳಲ್ಲಿ ಇದೊಂದು.

ಇನ್ನು ಚಿಕ್ಕಪ್ಪನ ಫ್ಲೈವೀಲ್. ಫ್ಲೈವೀಲಿನ ಹತ್ತಿರ ನಿಂತವರಿಗೆ ಅದರ ಬಲ ಮೈಗೇ ತಟ್ಟುತ್ತದೆ. ನೆಲ ಅದುರುತ್ತದೆ, ಗಾಳಿ ಬೀಸುತ್ತದೆ. ಸಣ್ಣ ಮೋಟರ್ ಇಷ್ಟು ದೊಡ್ಡ ಬಲ ಹುಟ್ಟಿಸಿತಲ್ಲ ಅನ್ನಿಸುತ್ತದೆ. ಲೆಕ್ಕ ನೋಡಿ. 50 ಕೆಜಿ ತೂಕದ, 30 ಸೆಂಟಿಮೀಟರ್ ತ್ರಿಜ್ಯದ ಗಟ್ಟಿ ಬಿಲ್ಲೆ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ. ಅದರೊಳಗೆ ಕೂಡಿರುವ ಶಕ್ತಿ ಸುಮಾರು 28,000 ಜೂಲ್. ಒಂದು ಯುನಿಟ್ ಕರೆಂಟ್ ಅಂದರೆ 36 ಲಕ್ಷ ಜೂಲ್. ಅಂದರೆ ನೆಲ ಅದುರಿಸುವ ಆ ಚಕ್ರದಲ್ಲಿ ಇರುವುದು ಒಂದು ಯುನಿಟ್ಟಿನ 130ರಲ್ಲಿ ಒಂದು ಪಾಲು. 100 ವ್ಯಾಟ್ ಬಲ್ಬನ್ನು ಐದು ನಿಮಿಷ ಕೂಡ ಉರಿಸಲಾರದು. ಅದೂ ಮೋಟರ್ ನಿಧಾನವಾಗಿ ತುಂಬಿಸಿದ ಶಕ್ತಿಯೇ. ಫ್ಲೈವೀಲ್ ಒಂದು ಡಬ್ಬಿ. ಹಾಕಿದ್ದನ್ನು ಇಟ್ಟುಕೊಂಡಿರುತ್ತದೆ, ಬೇಕಾದಾಗ ಒಮ್ಮೆಲೇ ಕೊಡುತ್ತದೆ. ಅದಕ್ಕೇ ತಗಡು ಒತ್ತುವ ಪ್ರೆಸ್ ಮಷಿನ್ನುಗಳಲ್ಲಿ ಅದು ಅಷ್ಟು ಉಪಯೋಗ.

ಸುತ್ತನ್ನು ಪೂರ್ತಿ ಹಾಕಿದರೆ ಹೀಗಾಗುತ್ತದೆ. ಮೋಟರ್ 100 ಪಾಲು ಶಕ್ತಿ ತೆಗೆದುಕೊಂಡರೆ 85 ಕೊಡುತ್ತದೆ ಎಂದುಕೊಳ್ಳಿ, ಅದು ಒಳ್ಳೆಯ ಮೋಟರೇ. ಬೆಲ್ಟಿನಲ್ಲಿ ಸ್ವಲ್ಪ ಹೋಗಿ 81 ಉಳಿಯುತ್ತದೆ. ಜನರೇಟರಿನಿಂದ ಹೊರಗೆ ಬರುವುದು 69. ಆ 69ನ್ನೇ ಮೋಟರಿಗೆ ವಾಪಸ್ ಕೊಟ್ಟರೆ ಮುಂದಿನ ಸುತ್ತಿಗೆ 47, ಅದರ ಮುಂದಿನದಕ್ಕೆ 32. ಮನೆಗೆ ಒಂದು ಬಲ್ಬಿನಷ್ಟೂ ತೆಗೆಯದಿದ್ದರೂ ಚಕ್ರ ನಿಲ್ಲುತ್ತದೆ. ಅತ್ಯುತ್ತಮ ಬೇರಿಂಗ್ ಹಾಕಿದರೆ ತಡವಾಗಿ ನಿಲ್ಲುತ್ತದೆ, ಅಷ್ಟೆ.

'ಹೋದ 31 ಎಲ್ಲಿಗೆ ಹೋಯಿತು? ಬೇರಿಂಗ್ ಸ್ವಲ್ಪ ಬೆಚ್ಚಗಿದೆ ಅಷ್ಟೆ' ಎಂದು ಒಬ್ಬರು ನನ್ನನ್ನು ಕೇಳಿದ್ದರು. ಸರಿಯಾದ ಪ್ರಶ್ನೆ. ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜೂಲ್ 1840ರ ದಶಕದಲ್ಲಿ ಇದನ್ನೇ ಅಳೆದ. ತೂಕ ಕೆಳಗಿಳಿಯುತ್ತಾ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸುವ ಹಾಗೆ ಮಾಡಿ, ನೀರು ಎಷ್ಟು ಬಿಸಿಯಾಯಿತು ಎಂದು ನೋಡಿದ. ಇವತ್ತಿನ ಅಳತೆಯಲ್ಲಿ ಹೇಳಿದರೆ, ಒಂದು ಲೀಟರ್ ನೀರು ಒಂದೇ ಒಂದು ಡಿಗ್ರಿ ಬಿಸಿಯಾಗಲು ಬೇಕಾದ ಶಕ್ತಿಯಲ್ಲಿ 427 ಕೆಜಿ ಭಾರವನ್ನು ಒಂದು ಮೀಟರ್ ಎತ್ತಬಹುದು. ಬೆರಳಿಗೆ ಗೊತ್ತೇ ಆಗದ ಬಿಸಿಯಲ್ಲಿ ಅಷ್ಟು ಅಡಗಿರುತ್ತದೆ. ಹಾಗಾಗಿ ಬೇರಿಂಗ್ 'ಸ್ವಲ್ಪ' ಬೆಚ್ಚಗಾದರೆ ಅದು ಸ್ವಲ್ಪ ಅಲ್ಲ.

ಈಗ ಅಳತೆಯ ವಿಷಯ. ಪ್ರಾಮಾಣಿಕರು ಎಡವುವುದು ಜಾಸ್ತಿ ಇಲ್ಲೇ. ಒಮ್ಮೆ ಒಬ್ಬ ಹುಡುಗ ನಮ್ಮಲ್ಲಿಗೆ ತಾನೇ ಕಟ್ಟಿದ ಜನರೇಟರ್ ತಂದಿದ್ದ. ತಾಮ್ರದ ತಂತಿಯನ್ನು ಎಷ್ಟು ಒಪ್ಪವಾಗಿ ಸುತ್ತಿದ್ದನೆಂದರೆ ನಾವೆಲ್ಲ ಸುತ್ತ ನಿಂತು ನೋಡಿದೆವು. ಅವನ ನೋಟ್‌ಬುಕ್ಕಿನಲ್ಲಿ ಎಲ್ಲ ಅಂಕಿಗಳೂ ಇದ್ದವು. ಮೋಟರಿಗೆ ಕೊಟ್ಟದ್ದು 60 ವ್ಯಾಟ್. ಜನರೇಟರಿನ ವೋಲ್ಟೇಜ್ 24. ಕರೆಂಟ್ 5 ಆಂಪಿಯರ್. ಗುಣಿಸಿದರೆ 120 ವ್ಯಾಟ್, ಕೊಟ್ಟದ್ದರ ಎರಡರಷ್ಟು! ಮೀಟರ್ ಸರಿ ಇತ್ತು, ಅಂಕಿಗಳೂ ಸುಳ್ಳಲ್ಲ. ಹೇಗೆ ಅಳೆದೆ ಎಂದು ತೋರಿಸು ಅಂದೆ. ತೋರಿಸಿದ. ಏನನ್ನೂ ಜೋಡಿಸದೆ ಎರಡು ತುದಿಗೆ ಮೀಟರ್ ಇಟ್ಟು ವೋಲ್ಟೇಜ್ ನೋಡಿದ. ಆಮೇಲೆ ಮೀಟರನ್ನು ಆಂಪಿಯರಿಗೆ ತಿರುಗಿಸಿ, ಎರಡೂ ತುದಿಯನ್ನು ಅದರ ಮೂಲಕ ನೇರ ಶಾರ್ಟ್ ಮಾಡಿ ಕರೆಂಟ್ ನೋಡಿದ.

ಆ 24 ವೋಲ್ಟ್ ಇದ್ದಾಗ ಕರೆಂಟ್ ಸೊನ್ನೆ. ಆ 5 ಆಂಪಿಯರ್ ಹರಿದಾಗ ತುದಿಗಳಲ್ಲಿ ವೋಲ್ಟೇಜ್ ಸೊನ್ನೆಯ ಹತ್ತಿರ. ಎರಡೂ ಒಂದೇ ಹೊತ್ತಿನಲ್ಲಿ ಇರಲೇ ಇಲ್ಲ. ನಾವು ಕರೆಂಟಿಗೆ ತಡೆ ಒಡ್ಡುವ ಒಂದು ರೆಸಿಸ್ಟರ್ ಜೋಡಿಸಿ, ಆ ತಡೆಯನ್ನು ಹೆಚ್ಚುಕಡಿಮೆ ಮಾಡುತ್ತಾ ಹೋಗಿ, ಎರಡನ್ನೂ ಒಟ್ಟಿಗೆ ಅಳೆದೆವು. ಹೆಚ್ಚೆಂದರೆ 12 ವೋಲ್ಟ್, 2.5 ಆಂಪಿಯರ್ ಬಂತು. 30 ವ್ಯಾಟ್. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಾನೇ ಪೆನ್ನು ತೆಗೆದುಕೊಂಡು 120ನ್ನು ಹೊಡೆದು 30 ಎಂದು ಬರೆದ. ಕೈಯಲ್ಲಿ ಸುತ್ತಿದ ಜನರೇಟರಿಗೆ ಅದು ಒಳ್ಳೆಯ ಫಲಿತಾಂಶ ಎಂದು ಅವನಿಗೆ ಹೇಳಿದೆವು, ಅದು ನಿಜವೂ ಹೌದು.

ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟಿನಲ್ಲಿ ತಪ್ಪುವ ದಾರಿಗಳು ಇನ್ನೂ ಜಾಸ್ತಿ. ವೋಲ್ಟೇಜೂ ಕರೆಂಟೂ ಒಟ್ಟಿಗೆ ಏರಿಳಿಯದಿದ್ದರೆ ಸುಮ್ನೆ ಗುಣಿಸಿದ ಅಂಕಿ ನಿಜವಾದ ವ್ಯಾಟ್ ಅಲ್ಲ. ಚೂಪುಚೂಪಾದ ಅಲೆಗಳನ್ನು ಸಾದಾ ಮೀಟರ್ ಸರಿಯಾಗಿ ಓದುವುದೇ ಇಲ್ಲ.

ಹಾಗಂತ ಎಲ್ಲರೂ ಪ್ರಾಮಾಣಿಕರಲ್ಲ. 1812ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಚಾರ್ಲ್ಸ್ ರೆಡ್‌ಹೆಫರ್ ಎಂಬಾತ ತಾನೇ ತಿರುಗುವ ಯಂತ್ರ ತೋರಿಸಿ ದುಡ್ಡು ಎತ್ತುತ್ತಿದ್ದ. ಅದು ಇನ್ನೊಂದು ಯಂತ್ರವನ್ನೂ ಓಡಿಸುತ್ತದೆ ಎಂದು ಹೇಳುತ್ತಿದ್ದ. ಪರೀಕ್ಷೆಗೆ ಬಂದವರು ಗೇರಿನ ಹಲ್ಲುಗಳನ್ನು ನೋಡಿದರು. ಹಲ್ಲು ಸವೆದಿದ್ದು ತಪ್ಪು ಮಗ್ಗುಲಲ್ಲಿ. ಅಂದರೆ ಓಡಿಸುತ್ತಿದ್ದದ್ದು ಆ ಇನ್ನೊಂದು ಯಂತ್ರ! ಮೆಕ್ಯಾನಿಕ್ ಆದ ಚಿಕ್ಕಪ್ಪನಿಗೆ ಈ ಕಥೆ ಹೇಳಿ, ಅವರಿಗೆ ಕೂಡಲೇ ಅರ್ಥವಾಗುತ್ತದೆ. ಮರುವರ್ಷ ಅವನು ನ್ಯೂಯಾರ್ಕಿಗೆ ಹೋದ. ಅಲ್ಲಿ ಸ್ಟೀಮ್ ದೋಣಿಗೆ ಹೆಸರಾದ ಎಂಜಿನಿಯರ್ ರಾಬರ್ಟ್ ಫುಲ್ಟನ್ ಯಂತ್ರದ ಸದ್ದು ಕೇಳಿದ. ವೇಗ ಒಂದೇ ಸಮ ಇರಲಿಲ್ಲ. ಕೈಯಿಂದ ಹಿಡಿ ತಿರುಗಿಸಿದಾಗ ಬರುವ ಏರಿಳಿತ ಅದು. ಹಲಗೆಗಳನ್ನು ಕಿತ್ತು ನೋಡಿದರೆ ಗೋಡೆಯೊಳಗಿಂದ ಒಂದು ದಾರ ಹೋಗಿತ್ತು. ಅದರ ಇನ್ನೊಂದು ತುದಿಯಲ್ಲಿ, ಮೇಲಿನ ಕೋಣೆಯಲ್ಲಿ, ಗಡ್ಡದ ಮುದುಕನೊಬ್ಬ ಕೂತು ಹಿಡಿ ತಿರುಗಿಸುತ್ತಿದ್ದ.

ಚಿಕ್ಕಪ್ಪನ ದೂರಿಗೆ ಬರೋಣ. ಓದಿದವರು ನೋಡದೇನೇ 'ಆಗಲ್ಲ' ಅನ್ನುತ್ತಾರೆ, ಹೌದು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ಇಂಥ ಯಂತ್ರಗಳ ಅರ್ಜಿಗಳನ್ನು ಇನ್ನು ನೋಡುವುದಿಲ್ಲ ಎಂದು ತೀರ್ಮಾನಿಸಿತು. ಆದರೆ ಕೊಟ್ಟ ಕಾರಣಗಳಲ್ಲಿ ಒಂದನ್ನು ಓದಿದಾಗ ನನ್ನ ಮನಸ್ಸು ಕಲಕಿತ್ತು. ಇದರ ಹಿಂದೆ ಬಿದ್ದು ಸಂಸಾರಗಳು ಹಾಳಾಗಿವೆ, ದೊಡ್ಡ ಕೆಲಸ ಮಾಡಬಹುದಾಗಿದ್ದ ಕುಶಲಿಗಳು ಹಣ, ಕಾಲ, ಬುದ್ಧಿ ಎಲ್ಲವನ್ನೂ ಇದಕ್ಕೇ ಸುರಿದಿದ್ದಾರೆ ಎಂಬ ಅರ್ಥದ ಮಾತು ಅದರಲ್ಲಿದೆ. ನಿಮ್ಮ ಪತ್ರ ಓದುವಾಗ ನನಗೆ ಅದೇ ನೆನಪಾಯಿತು.

ಇನ್ನೊಂದು ಮಾತು. ಶಕ್ತಿ ಹೊಸದಾಗಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ, ರೂಪ ಮಾತ್ರ ಬದಲಿಸುತ್ತದೆ ಎನ್ನುವ ನಿಯಮವನ್ನು ವಿಜ್ಞಾನಿಗಳು ಕುರುಡಾಗಿ ನಂಬಿಕೊಂಡು ಕೂತಿಲ್ಲ. 1920ರ ದಶಕದಲ್ಲಿ ಕೆಲವು ಪರಮಾಣುಗಳು ಎಲೆಕ್ಟ್ರಾನ್ ಉಗುಳುವಾಗ ಲೆಕ್ಕದಲ್ಲಿ ಶಕ್ತಿ ಕಡಿಮೆ ಬೀಳುತ್ತಿತ್ತು. ಶಕ್ತಿ ಉಳಿಯುತ್ತದೆ ಎನ್ನುವ ನಿಯಮ ಇಲ್ಲಿ ಸುಳ್ಳಿರಬಹುದು ಎಂದು ನೀಲ್ಸ್ ಬೋರ್‌ನಂಥ ದೊಡ್ಡ ವಿಜ್ಞಾನಿಯೇ ಯೋಚಿಸಿದ್ದ. 1930ರಲ್ಲಿ ವೋಲ್ಫ್‌ಗಾಂಗ್ ಪೌಲಿ ಬೇರೆ ಮಾತು ಹೇಳಿದ: ಯಾರ ಕಣ್ಣಿಗೂ ಬೀಳದ ಒಂದು ಕಣ ಆ ಶಕ್ತಿಯನ್ನು ಹೊತ್ತುಕೊಂಡು ಹೋಗುತ್ತಿರಬೇಕು. 1956ರಲ್ಲಿ ಕ್ಲೈಡ್ ಕೋವನ್, ಫ್ರೆಡರಿಕ್ ರೈನ್ಸ್ ಆ ಕಣವನ್ನು ಹಿಡಿದೇ ತೋರಿಸಿದರು. ಅದೇ ನ್ಯೂಟ್ರಿನೊ. ಅಷ್ಟು ಸಣ್ಣ ಕೊರತೆಯನ್ನೂ ಬಿಡದೆ ಹುಡುಕಿದವರು ಇವರು. ಬಲ್ಬು ಉರಿಸುವಷ್ಟು ಹೆಚ್ಚುವರಿ ಎಲ್ಲಾದರೂ ಇದ್ದಿದ್ದರೆ ಇವರ ಕಣ್ಣು ತಪ್ಪುತ್ತಿರಲಿಲ್ಲ.

'ದೊಡ್ಡವರು ಮುಚ್ಚಿಟ್ಟಿದ್ದಾರೆ' ಎನ್ನುವ ಮಾತಿಗೆ ನಿಕೋಲಾ ಟೆಸ್ಲಾ ಎಂಬ ಸಂಶೋಧಕನ ಹೆಸರು ತರುತ್ತಾರೆ. ಅವನು 1901ರಲ್ಲಿ ಕಟ್ಟಲು ಶುರು ಮಾಡಿದ ವಾರ್ಡನ್‌ಕ್ಲಿಫ್ ಗೋಪುರ ತಂತಿ ಇಲ್ಲದೆ ಸಂದೇಶವನ್ನೂ ವಿದ್ಯುತ್ತನ್ನೂ ಕಳಿಸುವ ಕನಸು. ಕಳಿಸಲು ಮೊದಲು ವಿದ್ಯುತ್ತನ್ನು ಎಲ್ಲೋ ಹುಟ್ಟಿಸಲೇಬೇಕಿತ್ತು. ಶೂನ್ಯದಿಂದ ಶಕ್ತಿ ಬರಿಸುವ ಗೋಪುರ ಅದಾಗಿರಲಿಲ್ಲ.

ಹಾಗಾದರೆ ತಾನೇ ನಡೆಯುವ ಹಾಗೆ ಕಾಣುವ ಯಂತ್ರಗಳೇ ಇಲ್ವಾ? ಇವೆ, ಅವು ನನಗೆ ಪ್ರಾಣ. ಲಂಡನ್ನಿನ ಜೇಮ್ಸ್ ಕಾಕ್ಸ್ 1760ರ ದಶಕದಲ್ಲಿ ಕೀಲಿ ಕೊಡದೆ ನಡೆಯುವ ಗಡಿಯಾರ ಮಾಡಿದ. ಅದರೊಳಗೆ ಸುಮಾರು 68 ಕೆಜಿ ಪಾದರಸ ಇತ್ತು. ಗಾಳಿಯ ಒತ್ತಡ ದಿನದಿನಕ್ಕೆ ಏರಿಳಿಯುತ್ತದಲ್ಲ, ಅದೇ ಪಾದರಸವನ್ನು ಆಡಿಸಿ ಗಡಿಯಾರಕ್ಕೆ ಕೀಲಿ ಕೊಡುತ್ತಿತ್ತು. ಆಕ್ಸ್‌ಫರ್ಡಿನ ಪ್ರಯೋಗಾಲಯದಲ್ಲಿ ಒಂದು ಪುಟ್ಟ ಗಂಟೆ 1840ರಿಂದ ಬಡಿದುಕೊಳ್ಳುತ್ತಿದೆ. ಅದರ ಹಳೆಯ ಬ್ಯಾಟರಿ ಎಷ್ಟು ಕಡಿಮೆ ಖರ್ಚು ಮಾಡುತ್ತದೆ ಎಂದರೆ ಇನ್ನೂ ತೀರಿಲ್ಲ. ಹೀಟ್ ಪಂಪ್ ಒಂದು ಪಾಲು ಕರೆಂಟ್ ತೆಗೆದುಕೊಂಡು ಮೂರು ಪಾಲು ಬಿಸಿ ಕೊಡುತ್ತದೆ, ಉಳಿದ ಎರಡು ಪಾಲನ್ನು ಹೊರಗಿನ ಗಾಳಿಯಿಂದ ತರುತ್ತದೆ. ಈ ಮೂರರಲ್ಲೂ ಎಲ್ಲಿಂದ ಬರುತ್ತಿದೆ ಎಂದು ಬೆರಳಿಟ್ಟು ತೋರಿಸಬಹುದು. ಸೋಲಾರ್ ಪ್ಯಾನೆಲ್ಲೂ ಹೀಗೇ. ಪುಕ್ಕಟೆಯಾಗಿ ಬಂದು ಬೀಳುವ ಶಕ್ತಿಯ ಆಸೆ ಚಿಕ್ಕಪ್ಪನಿಗೆ ಇದ್ದರೆ ಅದು ಪ್ರತಿ ಬೆಳಿಗ್ಗೆ ಮೂಡುತ್ತಲೇ ಇದೆ.

ಯಂತ್ರ ಮಾರುವವರ ಹತ್ತಿರ ಚಿಕ್ಕಪ್ಪ ಒಂದೇ ಒಂದು ಕೇಳಲಿ. ಸಾಕೆಟ್ಟಿನಿಂದ ವೈರ್ ಕಿತ್ತು, ಬ್ಯಾಟರಿ ತೆಗೆದು, ಯಂತ್ರವನ್ನು ಬಯಲಿನಲ್ಲಿ ಒಂದು ಮೇಜಿನ ಮೇಲಿಡಿ. 100 ವ್ಯಾಟ್ ಬಲ್ಬ್ ಹಾಕಿ. ಎರಡು ದಿನ ಉರಿಯಲಿ, ನಾನು ಪಕ್ಕದಲ್ಲೇ ಮಲಗುತ್ತೇನೆ ಅನ್ನಲಿ. 'ಇನ್ನೂ ಸ್ವಲ್ಪ ಸುಧಾರಿಸಬೇಕು, ಮೊದಲು ಅಡ್ವಾನ್ಸ್ ಕೊಡಿ' ಎಂಬ ಉತ್ತರ ಬಂದರೆ ಎದ್ದು ಬರಲಿ.

ಮೋಟರೂ ಜನರೇಟರೂ ಈಗಾಗಲೇ ಕೊಂಡಾಗಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅವರ ಜೊತೆ ಕೂತು ಜೋಡಿಸಿ. ಮೋಟರಿನ ಕಡೆ ಒಂದು ವ್ಯಾಟ್ ಮೀಟರ್, ಜನರೇಟರಿನ ಕಡೆ ಬಲ್ಬಿನ ಜೊತೆ ಇನ್ನೊಂದು. ಎರಡನ್ನೂ ಒಂದೇ ಹೊತ್ತಿಗೆ ಓದಿ ಬರೆದುಕೊಳ್ಳಿ. ಬಲ್ಬ್ ಹಾಕಿದ ಕ್ಷಣ ಚಕ್ರದ ಸದ್ದು ತಗ್ಗುವುದನ್ನು ಅವರೇ ಕೇಳಲಿ. ಎಷ್ಟು ಕೊಟ್ಟಿರಿ, ಎಷ್ಟು ಬಂತು ಎಂದು ನನಗೂ ಬರೆಯಿರಿ. 100ಕ್ಕೆ 70 ಬಂದಿದ್ದರೆ ನಿಮ್ಮ ಚಿಕ್ಕಪ್ಪ ನಿಜಕ್ಕೂ ಒಳ್ಳೆಯ ಮೆಕ್ಯಾನಿಕ್.